ಇಪ್ಪತ್ತಮೂರು ‘ಇಲ್ಲ’

ಹಸಿರು ಚುಕ್ಕೆ ಬೆಳಗ್ಗಿನಿಂದ ಕದಲಿರಲಿಲ್ಲ. ದುಬೈಯ ಕರಾಮದ ಹಳೇ ಕಟ್ಟಡವೊಂದರ ಎರಡನೇ ಮಹಡಿಯಲ್ಲಿರುವ ಟ್ರಾವೆಲ್ಸ್ ಆಫೀಸಿಗೆ ಬಂದವನೇ ಹರ್ಬರ್ಟ್ ಚೀಲ ಕೆಳಗಿಡುವ ಮೊದಲು ಕಂಪ್ಯೂಟರ್ ತೆರೆದು ನೋಡಿದ್ದು ಆ ಚುಕ್ಕೆಯನ್ನೇ. ಭೂಪಟದ ತುತ್ತತುದಿಯಲ್ಲಿ ಅಂಚೆಲ್ಲ ಹರಿದ ರೊಟ್ಟಿಯಂತೆ ಬಿದ್ದುಕೊಂಡಿರುವ ಐಸ್‌ಲ್ಯಾಂಡ್ ಎಂಬ ದ್ವೀಪ. ಅದರ ಪಶ್ಚಿಮದಲ್ಲಿ ಕಡಲು ಒಳನುಗ್ಗಿದ ಒಂದು ಸಂದಿಯಲ್ಲಿ ಚುಕ್ಕೆ. ಚುಕ್ಕೆ ಎಂದರೆ ತೊಂಬತ್ತು ಪ್ರಯಾಣಿಕರ ಸಣ್ಣ ಹಡಗು. ಹಡಗಿನೊಳಗೆ ದೇರಾ ಪೇಟೆಯ ಅತ್ತರಿನ ವ್ಯಾಪಾರಿ, ಭಟ್ಕಳದ ಅತಾಉರ್ರಹ್ಮಾನ್ ಸಾಹೇಬರು. ಅರವತ್ತೆಂಟು ವರ್ಷದ ಸಾಹೇಬರ ಎದೆಯೊಳಗೆ ಎರಡು ವರ್ಷದ ಹಿಂದೆ ಕೂರಿಸಿದ ಎರಡು ಸ್ಟೆಂಟು. ಈ ಕೊನೆಯ ಸಂಗತಿ ಹಡಗಿನವರಿಗೆ ಗೊತ್ತಿಲ್ಲ. ಗೊತ್ತಾಗದಂತೆ ನೋಡಿಕೊಂಡವನು ಹರ್ಬರ್ಟ್.

ಹಡಗು ದ್ವೀಪಕ್ಕೆ ಸುತ್ತು ಹಾಕಲು ಹೊರಟು ಇಂದಿಗೆ ಮೂರನೇ ದಿನ. ಮೂರು ದಿನದಿಂದ ಅವನಿಗೆ ಊಟ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಭಯ ಅವನಿಗೆ ಹೊಸತೇನಲ್ಲ. ಇಪ್ಪತ್ತೇಳು ವರ್ಷ ದುಬೈಯಲ್ಲಿ ಕಳೆದವನಿಗೆ ವೀಸಾ ಮುಗಿಯುವ ಭಯ, ಕಂಪನಿ ಮುಚ್ಚುವ ಭಯ, ವೀಸಾ ನವೀಕರಣದ ಮೆಡಿಕಲ್ ತಪಾಸಣೆಯಲ್ಲಿ ಎಕ್ಸ್‌ರೇಗೆ ಎದೆ ಕೊಟ್ಟು ನಿಂತಾಗಿನ ಭಯ ಎಲ್ಲವೂ ಮನೆಯವರಷ್ಟೇ ಪರಿಚಯ. ಅವಕ್ಕೆಲ್ಲ ಒಂದು ತಾರೀಕು ಇರುತ್ತಿತ್ತು. ತಾರೀಕು ದಾಟಿದರೆ ಖಲಾಸ್. ಈ ಭಯಕ್ಕೆ ತಾರೀಕು ಇರಲಿಲ್ಲ. ಅದು ನೀಲಿ ನೀರಿನ ಮೇಲೆ ಹಸಿರಾಗಿ ಕೂತು, ಅವನು ಬೇರೆ ಕೆಲಸಕ್ಕೆಂದು ತೆರೆ ಬದಲಿಸಿದರೂ ಹಿಂದೆ ಉಳಿದೇ ಇರುತ್ತಿತ್ತು. ಐವತ್ತನಾಲ್ಕರ ವಯಸ್ಸಿನಲ್ಲಿ, ಊರ ನಡುವಿನ ಕ್ರೀಕು ದಾಟಿಸುವ ಅಬ್ರಾ ದೋಣಿ ಹತ್ತಿದರೂ ಹೊಟ್ಟೆ ತೊಳಸುವ ತಾನು ಇಂಥ ಹಡಗುಗಳ ಟಿಕೆಟ್ ಮಾರಲು ಕೂತದ್ದೇ ತಪ್ಪು ಎಂದು ಅವನಿಗೆ ಅನಿಸುವುದಿತ್ತು. ಗೋಡೆಯ ಮೇಲಿನ ಚಿತ್ರದಲ್ಲಿ ಕೆಂಪು ಜಾಕೆಟ್ಟಿನ ಜನ ರಬ್ಬರ್ ದೋಣಿಯಿಂದ ಕಪ್ಪು ಮರಳಿಗೆ ಇಳಿಯುತ್ತಿದ್ದರು. ಅವರ ಹಿಂದೆ ನೆಲ ಹೊಗೆಯಾಡುತ್ತಿತ್ತು. ಬಿಳಿಯರೆಲ್ಲ ನಗುತ್ತಿದ್ದರು. ಹೊಗೆ ಬರುವ ನೆಲದ ಮೇಲೆ ನಿಂತು ನಗುವುದು ಹೇಗೆ ಎಂಬುದು ಅವನಿಗೆ ಇವತ್ತಿಗೂ ತಿಳಿದಿಲ್ಲ.

“ಹರ್ಬರ್ಟ್, ಮುಂದಿನ ಗ್ರೂಪಿನ ಮೆಡಿಕಲ್ ಫಾರ್ಮ್ ಬಂದ್ವಾ?” ಗಾಜಿನ ಕೋಣೆಯ ಬಾಗಿಲಿಂದ ನಿರಂಜನ ಕೇಳಿದ. ಮೈಸೂರಿನವನು, ಮ್ಯಾನೇಜರು, ಹರ್ಬರ್ಟ್‌ಗಿಂತ ಇಪ್ಪತ್ತು ವರ್ಷ ಚಿಕ್ಕವನು. ಇವತ್ತು ಸಂಜೆ ಸಿಗುತ್ತದೆ ಸರ್ ಎಂದ ಹರ್ಬರ್ಟ್. ಬೆಳಗ್ಗೆಯೇ ಎಲ್ಸಿಗೆ ಮೆಸೇಜ್ ಹಾಕಿದ್ದ, ಹನ್ನೆರಡು ಬೇಕು ಎಂದು. ಎಲ್ಸಿ ಅವನ ಹೆಂಡತಿ, ಎರಡು ಗಲ್ಲಿ ಆಚೆಯ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಸಣ್ಣ ಹಡಗಿನಲ್ಲಿ ಆಸ್ಪತ್ರೆ ಇರುವುದಿಲ್ಲ, ಒಬ್ಬ ಡಾಕ್ಟರು ಒಂದು ಮಂಚ ಅಷ್ಟೇ. ಆದ್ದರಿಂದ ಹತ್ತುವವರೆಲ್ಲ ಇಪ್ಪತ್ತಮೂರು ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎಂದು ಗುರುತು ಹಾಕಿ, ಕೊನೆಯ ಪುಟಕ್ಕೆ ತಮ್ಮ ವೈದ್ಯರ ಸಹಿ-ಮೊಹರು ಹಾಕಿಸಿ ಕಳಿಸಬೇಕು. ಶುರುವಿನಲ್ಲಿ ಹರ್ಬರ್ಟ್ ಒಬ್ಬೊಬ್ಬರನ್ನೂ ಕ್ಲಿನಿಕ್ಕಿಗೆ ಕಳಿಸುತ್ತಿದ್ದ. ಆಮೇಲೆ ಫಾರ್ಮುಗಳನ್ನು ಕಟ್ಟು ಮಾಡಿ ಎಲ್ಸಿಯ ಕೈಲಿ ಕೊಡತೊಡಗಿದ. ಆಮೇಲೆ ಕ್ಲಿನಿಕ್ಕಿನ ಡಾಕ್ಟರ್ ಥಾಮಸ್, ದಿನಕ್ಕೆ ಎಂಬತ್ತು ರೋಗಿಗಳನ್ನು ನೋಡಿ ಸುಸ್ತಾಗುವ ಮುದುಕ, ಖಾಲಿ ಫಾರ್ಮುಗಳಿಗೇ ಸಹಿ ಹಾಕಿ ಕೊಡತೊಡಗಿದರು. ಎಲ್ಸಿ ಮೊಹರು ಒತ್ತುತ್ತಿದ್ದಳು. ನೀವೇ ತುಂಬಿಸಿಕೊಳ್ಳಿ, ಎಲ್ಲ ಗಟ್ಟಿಮುಟ್ಟಾದವರೇ ತಾನೆ, ಇಲ್ಲದಿದ್ದರೆ ಅಷ್ಟು ದೂರ ಯಾಕೆ ಹೋಗುತ್ತಾರೆ ಎಂದು ಅವಳು ನಂಬಿದ್ದಳು. ಅವಳಿಗೆ ನಂಬುವುದು ಸುಲಭ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಗಂಡ ತಂದ ಮೀನನ್ನು ಅವಳು ಒಂದು ದಿನವೂ ಕಿವಿರು ಎತ್ತಿ ನೋಡಿದವಳಲ್ಲ.

ಸಾಹೇಬರು ಫಾರ್ಮು ತುಂಬಿಸಲು ಬಂದ ದಿನ ಇದೇ ಕುರ್ಚಿಯಲ್ಲಿ ಕೂತಿದ್ದರು. ಈದ್ ಕಳೆದು ಎರಡು ದಿನವಾಗಿತ್ತು. ಆಫೀಸಿಗೆಲ್ಲ ಹಂಚಲು ಖರ್ಜೂರದ ಪೆಟ್ಟಿಗೆ ತಂದಿದ್ದರು. ಹರ್ಬರ್ಟ್ ಅವರಿಗೆ ಮೊದಲು ನಮಾಜಿನ ಹೊತ್ತಿನ ಪಟ್ಟಿ ಕೊಟ್ಟ. ಆ ದೇಶದಲ್ಲಿ ಜುಲೈ ತಿಂಗಳಲ್ಲಿ ರಾತ್ರಿಯೆಂಬುದು ನೆಪಕ್ಕೆ ಮಾತ್ರ, ಹಡಗು ದ್ವೀಪವನ್ನು ಸುತ್ತುವಾಗ ಮೆಕ್ಕಾದತ್ತ ಮುಖಮಾಡುವ ಕಿಬ್ಲಾದ ದಿಕ್ಕೂ ದಿನಕ್ಕೊಂದು ಕಡೆ ತಿರುಗುತ್ತದೆ. ಸಾಹೇಬರು ಕೇಳದೆಯೇ ಅವನು ಎರಡು ದಿನ ಕೂತು ಇದನ್ನೆಲ್ಲ ಲೆಕ್ಕ ಹಾಕಿ, ದಿನಕ್ಕೊಂದು ಬಾಣದ ಗುರುತಿಟ್ಟು, ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದಿದ್ದ. ಸಾಹೇಬರ ಕಣ್ಣು ತುಂಬಿತ್ತು. ಅದೇ ಕೈಯಲ್ಲಿ ಅವನು ಫಾರ್ಮನ್ನೂ ಎಳೆದುಕೊಂಡ. ಏಳನೇ ಪ್ರಶ್ನೆಗೆ ಬಂದಾಗ ಸಾಹೇಬರು ಜೇಬಿನಿಂದ ಮಾತ್ರೆಯ ಸ್ಟ್ರಿಪ್ ತೆಗೆದು ಮೇಜಿನ ಮೇಲಿಟ್ಟರು. ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವ ಮಾತ್ರೆ. ಇದನ್ನು ಬರೆಯಬೇಕಲ್ಲ ಹರ್ಬರ್ಟಾ ಎಂದರು. ಹರ್ಬರ್ಟ್ ಸ್ಟ್ರಿಪ್ ತಿರುಗಿಸಿ ಹೆಸರು ಓದಿದ. ಬರೆದರೆ ಹಡಗಿನವರು ಹೃದಯದ ಡಾಕ್ಟರ ಪತ್ರ ಕೇಳುತ್ತಾರೆ, ಎರಡು ವಾರ ತೆಗೆದುಕೊಳ್ಳುತ್ತಾರೆ, ಆಮೇಲೆ ಬೇಡ ಎನ್ನಲೂಬಹುದು. ಇದ್ದದ್ದು ಒಂದೇ ಕ್ಯಾಬಿನ್, ಅದೂ ಗುರುವಾರದ ತನಕ. ಬೇಡ ಸಾಹೇಬ್ರೆ ಎಂದ. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಬೇರೆ ಡಬ್ಬಿಗೆ ಹಾಕಿಕೊಳ್ಳಿ, ಯಾರಾದರೂ ಕೇಳಿದರೆ ಫಾರ್ಮಿನಲ್ಲಿರುವ ಹಾಗೇ ಹೇಳಿ ಎಂದ. ಹಳೇ ಅಭ್ಯಾಸ. ಈ ಆಫೀಸಿಗೆ ಬರುವ ಮೊದಲು ಹನ್ನೊಂದು ವರ್ಷ ಅವನು ಇಮಿಗ್ರೇಶನ್ ಹತ್ತಿರದ ಟೈಪಿಂಗ್ ಸೆಂಟರಿನಲ್ಲಿ ಕೂತು ಓದು ಬಾರದವರ, ಓದು ಬಂದರೂ ಅರಬಿ ಬಾರದವರ ಅರ್ಜಿಗಳನ್ನು ತುಂಬಿಸಿದ್ದ. ಅಲ್ಲಿ ಎಲ್ಲರಿಗೂ ಅವನು ಕಲಿಸುತ್ತಿದ್ದದ್ದು ಒಂದೇ ಪಾಠ: ಕಾಗದದಲ್ಲಿ ಏನಿದೆಯೋ ಕೌಂಟರಿನಲ್ಲಿ ಬಾಯಿಂದಲೂ ಅದೇ ಬರಬೇಕು. ನಿಜ ಯಾವುದು ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಎರಡೂ ಒಂದೇ ಆಗಿದೆಯೇ ಎಂದಷ್ಟೇ ನೋಡುತ್ತಿದ್ದರು. ಹರ್ಬರ್ಟ್ ಮೇಲಿಂದ ಕೆಳಗೆ ಇಪ್ಪತ್ತಮೂರು ಬಾರಿ ‘ಇಲ್ಲ’ ಎಂದು ಗುರುತು ಹಾಕಿದ. ಪೆನ್ನು ಒಮ್ಮೆಯೂ ನಿಲ್ಲಲಿಲ್ಲ.

ಕ್ಯಾಬಿನ್ ತಪ್ಪಬಾರದು ಎಂಬುದಷ್ಟೇ ಕಾರಣವೆಂದು ಅವನು ತನಗೆ ತಾನೇ ಹೇಳಿಕೊಂಡಿದ್ದ. ಆದರೆ ಸಾಹೇಬರು ಆ ಹಡಗನ್ನು ಆರಿಸಿದ್ದು ಯಾಕೆಂದು ಅವನಿಗೆ ಗೊತ್ತಿತ್ತು. ಏಳು ವರ್ಷದ ಹಿಂದೆ ಆ ದ್ವೀಪದ ದಕ್ಷಿಣದ ಒಂದು ಬೆಟ್ಟ ಬಾಯಿಬಿಟ್ಟು ಬೂದಿ ಉಗುಳಿ, ಯುರೋಪಿನ ವಿಮಾನಗಳೆಲ್ಲ ನಿಂತುಹೋದಾಗ ಸಾಹೇಬರ ಹೆಂಡತಿ ಸಾರಾಬಿ ಮಗನಿರುವ ಲಂಡನ್ನಿನಲ್ಲಿ ಆಸ್ಪತ್ರೆ ಸೇರಿದ್ದರು. ಸಾಹೇಬರು ದಿನವೂ ಬೆಳಗ್ಗೆ ಬಂದು ಇದೇ ಮೇಜಿನ ಮುಂದೆ ನಿಲ್ಲುತ್ತಿದ್ದರು. ನಾಳೆ ವಿಮಾನ ಬಿಡ್ತದಾ ಎಂದು ಕೇಳುತ್ತಿದ್ದರು. ಬಿಡ್ತದೆ ಸಾಹೇಬ್ರೆ, ನಾಳೆ ಖಂಡಿತ ಎಂದು ಹರ್ಬರ್ಟ್ ಹೇಳುತ್ತಿದ್ದ. ಅವನಿಗೇನು ಗೊತ್ತಿತ್ತು? ಆದರೆ ಕೌಂಟರಿನ ಈ ಕಡೆ ಕೂತವನು ಗೊತ್ತಿಲ್ಲ ಎನ್ನಬಾರದು ಎಂದು ಅವನು ಅಂದುಕೊಂಡಿದ್ದ. ಐದು ದಿನ ಹಾಗೆ ಹೇಳಿದ. ನಾಲ್ಕನೇ ದಿನವೇ ಸಾರಾಬಿ ತೀರಿಕೊಂಡಿದ್ದರು. ಸಾಹೇಬರು ಹೋಗಿ ತಲುಪುವಾಗ ಮಣ್ಣೂ ಮುಗಿದಿತ್ತು. ಅದಕ್ಕಾಗಿ ಅವರು ಒಂದು ದಿನವೂ ಹರ್ಬರ್ಟ್‌ನನ್ನು ದೂರಲಿಲ್ಲ. ನನ್ನ ದಾರಿ ಕಟ್ಟಿದ ಆ ಬೆಟ್ಟವನ್ನು ಒಂದು ಸಲ ನೋಡಿ ಬರುತ್ತೇನೆ, ಸಿಟ್ಟೇನಿಲ್ಲ, ಮುಖ ಹೇಗಿದೆ ನೋಡಬೇಕು ಎಂದಿದ್ದರು ಅಷ್ಟೇ. ಹಡಗು ಆ ಬೆಟ್ಟದ ಎದುರಿಗೆ ಬರುವುದು ಏಳನೇ ದಿನ.

ಪತ್ರ ಬಂದದ್ದು ಒಂದು ಗಂಟೆಗೆ ಹತ್ತು ನಿಮಿಷವಿರುವಾಗ. ಹರ್ಬರ್ಟ್ ಬುತ್ತಿಯ ಮುಚ್ಚಳ ತೆಗೆದಿದ್ದ. ಅನ್ನದ ಮೇಲೆ ನಿನ್ನೆಯ ಬಂಗುಡೆ ಸಾರು. ಕಳಿಸಿದವಳು ಮಾರ್ಟಿನಾ, ಹಡಗಿನಲ್ಲಿ ಪ್ರಯಾಣಿಕರ ಯೋಗಕ್ಷೇಮ ನೋಡಿಕೊಳ್ಳುವವಳು. ಬೆಳಗ್ಗೆ ಹಕ್ಕಿಗಳ ಬಂಡೆ ನೋಡಲು ದಡಕ್ಕೆ ಇಳಿದಾಗ ನಿಮ್ಮ ಪ್ರಯಾಣಿಕರು ಪಾಚಿಗಟ್ಟಿದ ಲಾವಾ ಕಲ್ಲಿನ ಮೇಲೆ ಜಾರಿ ಬಿದ್ದರು, ಹಣೆಗೆ ಪೆಟ್ಟಾಗಿದೆ, ಎಚ್ಚರವಾಗಿದ್ದಾರೆ, ನಡೆದಾಡುತ್ತಿದ್ದಾರೆ ಎಂದು ಬರೆದಿದ್ದಳು. ಯಾವ ಔಷಧವನ್ನೂ ತೆಗೆದುಕೊಳ್ಳುವುದಿಲ್ಲ ಎಂದು ಅವರು ಹೇಳುತ್ತಿದ್ದಾರೆ, ಫಾರ್ಮಿನಲ್ಲೂ ಹಾಗೇ ಇದೆ; ಆದರೂ ರಕ್ತ ತೆಳುಮಾಡುವ ಮಾತ್ರೆ ಏನಾದರೂ ಇದೆಯೇ ಎಂದು ನಮ್ಮ ಡಾಕ್ಟರು ಇನ್ನೊಮ್ಮೆ ಖಚಿತಪಡಿಸಿಕೊಳ್ಳಬೇಕೆನ್ನುತ್ತಾರೆ. ಸದ್ಯ ಎದುರಿಗೇ ಒಂದು ಪುಟ್ಟ ಊರಿದೆ, ವಿಮಾನ ಇಳಿಯುವ ಜಾಗವಿದೆ. ನಮ್ಮ ಹನ್ನೊಂದು ಗಂಟೆಗೆ ಲಂಗರು ಎತ್ತುತ್ತೇವೆ. ಆಮೇಲೆ ಉತ್ತರದ ತುದಿಯನ್ನು ಬಳಸಿ ಇಪ್ಪತ್ತು ಗಂಟೆ ಬರೀ ಕಡಲು, ಮಂಜು ಕವಿಯುವ ಸೂಚನೆಯೂ ಇದೆ. ಅದರ ಮೊದಲು ಉತ್ತರ ಬೇಕು. ಅವರ ಹನ್ನೊಂದು ಎಂದರೆ ದುಬೈಯಲ್ಲಿ ಮೂರು. ಹರ್ಬರ್ಟ್ ಬುತ್ತಿಯನ್ನು ಮುಚ್ಚಿದ.

ಅವನು ಎದ್ದು ಮೆಟ್ಟಿಲ ಹತ್ತಿರ ಹೋಗಿ ನಿಂತ. ಜುಲೈಯ ಬಿಸಿ ಮೆಟ್ಟಿಲಲ್ಲೂ ಹತ್ತಿ ಬಂದಿತ್ತು. ಹೊರಗೆ ಎಸಿಗಳಿಂದ ತೊಟ್ಟಿಕ್ಕುವ ನೀರು ನೆಲ ಮುಟ್ಟುವ ಮೊದಲೇ ಆರುತ್ತಿತ್ತು. ಹೌದು ಎಂದು ಬರೆದರೆ ಏನಾಗುತ್ತದೆ? ಹಾಗಾದರೆ ಫಾರ್ಮಿನಲ್ಲಿ ಯಾಕಿಲ್ಲ ಎನ್ನುತ್ತಾರೆ. ಕೊನೆಯ ಪುಟ ತೆಗೆದು ಮೊಹರು ಯಾರದ್ದು ನೋಡುತ್ತಾರೆ. ಡಾಕ್ಟರ್ ಥಾಮಸ್ ಆ ರೋಗಿಯ ಮುಖವನ್ನೇ ನೋಡಿಲ್ಲ ಎಂದು ತಿಳಿಯಲು ಎಷ್ಟು ಹೊತ್ತು ಬೇಕು? ಮೊಹರು ಒತ್ತಿದವಳು ಎಲ್ಸಿ. ಇಂಥದ್ದಕ್ಕೆ ಇಲ್ಲಿ ನರ್ಸಿನ ಲೈಸೆನ್ಸ್ ಹೋಗುವುದಷ್ಟೇ ಅಲ್ಲ, ಪೊಲೀಸ್ ಸ್ಟೇಷನ್ನಿನ ಬಾಗಿಲೂ ತೆರೆಯುತ್ತದೆ. ಅವನಿಗೆ ಎಲ್ಸಿ ಬಿಳಿ ಯೂನಿಫಾರ್ಮಿನಲ್ಲೇ ಎಲ್ಲೋ ಒಂದು ಬೆಂಚಿನ ಮೇಲೆ ಕೈಚೀಲ ತಬ್ಬಿ ಕೂತದ್ದು ಕಂಡಿತು. ಅವಳು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ, ತನ್ನ ಸರದಿಗೆ ಕಾಯುವವಳ ಹಾಗೆ ಕೂತಿದ್ದಳು. ಇಷ್ಟಕ್ಕೂ ಸಾಹೇಬರು ನಡೆದಾಡುತ್ತಿದ್ದಾರಂತೆ. ಹಣೆಗೆ ಪೆಟ್ಟು ಯಾರಿಗೆ ಆಗುವುದಿಲ್ಲ? ಅವನು ಎಲ್ಸಿಗೆ ಫೋನ್ ಮಾಡಿದ. ಮನೆಯ ಕೊಂಕಣಿಯಲ್ಲಿ, ಹವಾಮಾನ ವಿಚಾರಿಸುವ ದನಿಯಲ್ಲಿ, ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ತಲೆ ಮೇಲೆ ಬಿದ್ದು ಎದ್ದು ಓಡಾಡುತ್ತಿದ್ದರೆ ತೊಂದರೆಯಿಲ್ಲ ಅಲ್ಲವಾ ಎಂದು ಕೇಳಿದ. ಅವಳು ಕೂಡಲೇ ಅಂದಳು:

“ಓಡಾಡುವವರನ್ನು ನೋಡಿಯೇ ಮೋಸ ಹೋಗುವುದು. ಒಳಗೆ ನಿಧಾನಕ್ಕೆ ಸೋರುತ್ತಾ ಇರುತ್ತದೆ. ಮಾತು ತಪ್ಪಲಿಕ್ಕೆ ಶುರುವಾದರೆ ಮತ್ತೆ ಹೊತ್ತಿಲ್ಲ. ಯಾರಿಗೆ ಆದದ್ದು?”

ಯಾರಿಗೂ ಇಲ್ಲ, ಆಫೀಸಿನಲ್ಲಿ ಯಾರೋ ಮಾತಾಡುತ್ತಿದ್ದರು ಎಂದ. ಊಟ ಮಾಡಿದಿರಾ ಎಂದು ಕೇಳಿದಳು. ಮಾಡಿದೆ ಎಂದ. ಸಾರಿಗೆ ಉಪ್ಪು ಸ್ವಲ್ಪ ಮುಂದಾಯಿತೇನೋ ಎಂದಳು. ಇಲ್ಲ, ಸರಿಯಿತ್ತು ಎಂದ. ಒಂದು ನಿಮಿಷದಲ್ಲಿ ಮೂರು ಸುಳ್ಳು, ಒಂದಕ್ಕೂ ದನಿ ನಡುಗಿರಲಿಲ್ಲ. ಇಷ್ಟು ಚೆನ್ನಾಗಿ ಬರುತ್ತದಲ್ಲ ಎಂದು ಅವನಿಗೆ ತನ್ನ ಮೇಲೆಯೇ ಹೆದರಿಕೆಯಾಯಿತು.

ಮೇಜಿಗೆ ಮರಳಿದಾಗ ಎರಡು ಗಂಟೆ. ಒಬ್ಬ ಗಿರಾಕಿ ಕೂತಿದ್ದ, ಶಾರ್ಜಾದಿಂದ ಬಂದವನು, ಹೆಂಡತಿಗೆ ಜಾರ್ಜಿಯಾ ತೋರಿಸಬೇಕಂತೆ. ಹರ್ಬರ್ಟ್ ಅವನಿಗೆ ಹೋಟೆಲಿನ ಚಿತ್ರಗಳನ್ನು ತೋರಿಸುತ್ತ, ಬೆಳಗಿನ ತಿಂಡಿ ಇದೆ ಸರ್, ಏರ್‌ಪೋರ್ಟಿನಿಂದ ಕಾರು ಇದೆ ಸರ್ ಎನ್ನುತ್ತಿದ್ದ. ಗಿರಾಕಿ ಕಿಟಕಿ ಪಕ್ಕದ ಸೀಟಿನ ಬಗ್ಗೆ ಹತ್ತು ನಿಮಿಷ ಮಾತಾಡಿದ. ಹತ್ತು ನಿಮಿಷವೂ ಹರ್ಬರ್ಟ್ ಕೇಳಿಸಿಕೊಂಡ. ಅವನು ಹೋಗದಿರಲಿ, ಇನ್ನೂ ಏನಾದರೂ ಕೇಳಲಿ, ಮೂರು ಗಂಟೆಯ ತನಕ ಕೇಳುತ್ತಲೇ ಇರಲಿ, ಆಮೇಲೆ ಕೆಲಸದ ಗಡಿಬಿಡಿಯಲ್ಲಿ ಪತ್ರ ನೋಡಲಿಲ್ಲ ಎನ್ನಬಹುದು ಎಂಬ ಆಸೆ ಮನಸ್ಸಿನ ಒಂದು ಮೂಲೆಯಿಂದ ಇಣುಕಿತು. ಅದನ್ನು ಅವನು ನೋಡಿದ. ನೋಡಿ ನಾಚಿದ. ಆದರೂ, ಬೇಕಾದರೆ ಟರ್ಕಿಯ ಕಪಾಡೋಕಿಯಾವೂ ಇದೆ ಸರ್ ಎಂದ.

ಗಿರಾಕಿ ಎದ್ದು ಹೋದಾಗ ಎರಡೂವರೆ. ಹರ್ಬರ್ಟ್ ಉತ್ತರ ಬರೆಯತೊಡಗಿದ. ಫಾರ್ಮಿನಲ್ಲಿ ನಮೂದಿಸಿದಂತೆ ಯಾವ ಔಷಧವೂ ಇಲ್ಲವೆಂದು ಖಚಿತಪಡಿಸುತ್ತೇವೆ ಎಂದು ಬರೆದು, ‘ಖಚಿತ’ ಎಂಬಲ್ಲಿ ನಿಂತ. ಬೆನ್ನ ಹಿಂದೆ ನಿರಂಜನ ಬಂದದ್ದು ಗೊತ್ತಾಗಿರಲಿಲ್ಲ. ಅವನು ಹಡಗಿನ ಪತ್ರವನ್ನೂ ಉತ್ತರವನ್ನೂ ಓದಿ, ಹರ್ಬರ್ಟ್‌ನ ಇಂಗ್ಲಿಷಿನಲ್ಲಿ ಎರಡು ತಪ್ಪು ತೋರಿಸಿದ. ಪಕ್ಕದ ಮೇಜಿನ ಬಿಂದು ಎಂಬ ಹೊಸ ಹುಡುಗಿ ಕೇಳದವಳಂತೆ ತಲೆ ಬಗ್ಗಿಸಿದಳು. ಹರ್ಬರ್ಟ್ ತಪ್ಪು ತಿದ್ದಿದ.

“ಖಚಿತ ಅಂತೆಲ್ಲ ಯಾಕೆ ನಾವು ಮೈಮೇಲೆ ಎಳ್ಕೋಬೇಕು? ಫಾರ್ಮ್ ಪ್ರಕಾರ ಇಲ್ಲ ಅಂತ ಹಾಕಿ, ಸಾಕು,” ಎಂದ ನಿರಂಜನ. “ಬೇಗ ಕಳಿಸಿ. ಅವರ ಡಾಕ್ಟರ್ ಸೈನ್ ಇದೆಯಲ್ಲ, ನಮಗೇನು ಭಯ?”

ಅವನು ಕೋಣೆಗೆ ಹೋದ. ಭಾಷೆ ಈಗ ಸರಿಯಾಗಿತ್ತು, ಕಳಿಸುವುದೊಂದೇ ಬಾಕಿ. ತಪ್ಪಿಲ್ಲದ ಆ ವಾಕ್ಯದ ಮೇಲೆ ಹರ್ಬರ್ಟ್‌ನ ಬೆರಳು ನಿಂತಿತು. ಸಾಹೇಬರು ಖರ್ಜೂರದ ಪೆಟ್ಟಿಗೆಯ ದಾರವನ್ನು ಬಿಚ್ಚಿ ಸುರುಳಿ ಸುತ್ತಿ, ಬಿಸಾಡಲು ಮನಸ್ಸಾಗದೆ ಜೇಬಿಗೆ ಹಾಕಿಕೊಂಡದ್ದು ನೆನಪಾಯಿತು. ಯಾಕೆ ಅದೇ ನೆನಪಾಯಿತೋ. ಪತ್ರದ ಕೆಳಗೆ ಹಡಗಿನ ಸ್ಯಾಟಲೈಟ್ ಫೋನಿನ ನಂಬರಿತ್ತು. ಕಳಿಸುವ ಮೊದಲು ಒಂದು ಸಲ ದನಿ ಕೇಳಿಬಿಡುತ್ತೇನೆ, ದನಿ ಸರಿಯಿದ್ದರೆ ಕಳಿಸಿಬಿಡುತ್ತೇನೆ ಎಂದುಕೊಂಡ. ಮೊಬೈಲು ಹಿಡಿದು ಮತ್ತೆ ಮೆಟ್ಟಿಲಿಗೆ ಓಡಿದ. ಮೂರಕ್ಕೆ ಹದಿನೆಂಟು ನಿಮಿಷ.

ಫೋನ್ ಎತ್ತಿದ ಮಾರ್ಟಿನಾ ತಾಳ್ಮೆಯ ಹೆಂಗಸು. ಅವರು ಇಲ್ಲೇ ಚಹಾ ಕುಡಿಯುತ್ತ ಕೂತಿದ್ದಾರೆ, ಡಾಕ್ಟರೂ ಪಕ್ಕದಲ್ಲೇ ಇದ್ದಾರೆ, ಮಾತಾಡಿ ಎಂದಳು. ಗರಗರ ಸದ್ದು, ಯಾರೋ ಕುರ್ಚಿ ಎಳೆದದ್ದು, ಆಮೇಲೆ ಸಾಹೇಬರ ದನಿ. ಪ್ರತಿ ಮಾತೂ ಒಂದು ಗಳಿಗೆ ತಡವಾಗಿ ಬರುತ್ತಿತ್ತು.

“ಹರ್ಬರ್ಟಾ? ನೀನು ಎಂತಕ್ಕೆ ಫೋನ್ ಮಾಡಿದ್ದು? ಮಾಫಿ ಮುಷ್ಕಿಲ್, ತೊಂದರೆ ಎಂತ ಇಲ್ಲ. ಸಣ್ಣ ಪೆಟ್ಟು.”

“ಡಾಕ್ಟರ ಹತ್ರ ಮಾತ್ರೆಯ ವಿಷಯ ಹೇಳಿದ್ರಾ ಸಾಹೇಬ್ರೆ?”

“ಇಲ್ಲಪ್ಪ.” ಸಾಹೇಬರು ದನಿ ತಗ್ಗಿಸಿದರು; ಅದರಲ್ಲಿ ಪಾಠ ಒಪ್ಪಿಸಿದ ಮಗುವಿನ ಹೆಮ್ಮೆಯಿತ್ತು. “ನಾಲ್ಕು ಸಲ ಕೇಳಿದ. ನೀನು ಬರೆದ ಹಾಗೇ ಹೇಳಿದೆ. ಎಲ್ಲದಕ್ಕೂ ಇಲ್ಲ. ಮಾತ್ರೆ ಅತ್ತರಿನ ಡಬ್ಬಿಯಲ್ಲಿ ಉಂಟು, ಯಾರಿಗೂ ಗೊತ್ತಾಗ್ಲಿಲ್ಲ.”

ಹರ್ಬರ್ಟ್ ಗೋಡೆಗೆ ಕೈಯೂರಿದ. ದನಿ ಸರಿಯಾಗಿಯೇ ಇದೆ ಎಂದು ಮನಸ್ಸಿನ ಅದೇ ಮೂಲೆ ಆಗಲೇ ಹೇಳಲು ಶುರುಮಾಡಿತ್ತು. ಆಗ ಸಾಹೇಬರು, ಮಾತಿನ ನಡುವೆ ಏನೂ ಆಗದವರಂತೆ, ಸಹಜವಾಗಿ ಕೇಳಿದರು:

“ಹರ್ಬರ್ಟಾ, ನಾಳೆ ವಿಮಾನ ಬಿಡ್ತದಾ?”

“ಯಾವ ವಿಮಾನ ಸಾಹೇಬ್ರೆ?”

“ಲಂಡನ್ನಿದ್ದು. ಅಲ್ಲಿ ಸಾರಾ ಒಬ್ಬಳೇ ಇದ್ದಾಳೆ. ಬೆಳಗ್ಗಿಂದ ಕೇಳ್ತಾ ಇದ್ದೇನೆ, ಇಲ್ಲಿ ಯಾರೂ ಸರಿಯಾಗಿ ಹೇಳುದಿಲ್ಲ. ನೀನು ಹೇಳು. ನಾಳೆ ಬಿಡ್ತದಾ?”

ಕೆಳಗೆ ಬೀದಿಯಲ್ಲಿ ಯಾರೋ ಯಲ್ಲಾ ಯಲ್ಲಾ ಎಂದು ಕೂಗಿ ವ್ಯಾನಿನ ಬಾಗಿಲು ಎಳೆದರು. ಬಿಡ್ತದೆ ಸಾಹೇಬ್ರೆ ಎಂಬ ಮಾತು ಹರ್ಬರ್ಟ್‌ನ ನಾಲಿಗೆಯ ತುದಿಗೆ ತಾನಾಗಿಯೇ ಬಂದು ನಿಂತಿತ್ತು. ಏಳು ವರ್ಷದಿಂದ ಅಲ್ಲೇ ಕಾದಿತ್ತೋ ಏನೋ. ಫೋನ್ ಡಾಕ್ಟರಿಗೆ ಕೊಡಿ ಸಾಹೇಬ್ರೆ ಎಂದ. ಎರಡು ಸಲ ಹೇಳಬೇಕಾಯಿತು. ಡಾಕ್ಟರು ಬಂದಾಗ ಅವನು ತನ್ನ ಮುರುಕು ಇಂಗ್ಲಿಷಿನಲ್ಲಿ ಸ್ಟೆಂಟು ಎಂದ, ಎರಡು ಎಂದ, ಮಾತ್ರೆಯ ಹೆಸರನ್ನು ಅಕ್ಷರ ಬಿಡಿಸಿ ಹೇಳಿದ, ಅತ್ತರಿನ ಡಬ್ಬಿ ಎಂದ, ಈಗವರು ಏಳು ವರ್ಷ ಹಿಂದಿನ ಮಾತಾಡುತ್ತಿದ್ದಾರೆ, ಹೆಂಡತಿ ತೀರಿಕೊಂಡಿದ್ದಾರೆ ಎಂದ. ಡಾಕ್ಟರು ಬೇರೆ ಯಾರಿಗೋ ಕೂಗಿ ಹೇಳಿದ್ದು ಕೇಳಿಸಿತು. ಆಮೇಲೆ ಮತ್ತೆ ಫೋನಿಗೆ ಬಂದು, ಇದು ಫಾರ್ಮಿನಲ್ಲಿ ಯಾಕಿರಲಿಲ್ಲ ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆತುರ. ಅಷ್ಟು ಆತುರದ ಪ್ರಶ್ನೆಗೆ ನಿಜ ಹೇಳಿದ್ದರೂ ಆಗುತ್ತಿತ್ತು. ಹರ್ಬರ್ಟ್ ಹೇಳಿದ್ದು ಬೇರೆ. ಅವರು ನಮ್ಮಿಂದ ಮುಚ್ಚಿಟ್ಟಿದ್ದರು, ನಮಗೆ ಈಗಷ್ಟೇ ಅವರ ಮನೆಯವರಿಂದ ತಿಳಿಯಿತು ಎಂದ.

ಲೈನು ಕಡಿದ ಮೇಲೂ ಅವನು ಫೋನನ್ನು ಕಿವಿಗೆ ಹಿಡಿದೇ ನಿಂತಿದ್ದ.

ಮೂರೂಕಾಲಿಗೆ ಹಸಿರು ಚುಕ್ಕೆ ಕದಲಿತು. ಬಡಗಣ ಕಡಲಿಗೆ ಹೋಗುವ ಬದಲು ಸಂದಿಯ ಒಳಕ್ಕೆ, ಊರಿದ್ದ ಕಡೆಗೆ ಸರಿಯಿತು. ನಾಲ್ಕೂವರೆಗೆ ಮಾರ್ಟಿನಾಳ ಪತ್ರ: ಸಣ್ಣ ವಿಮಾನದಲ್ಲಿ ಸಾಹೇಬರನ್ನು ರಾಜಧಾನಿಯ ಆಸ್ಪತ್ರೆಗೆ ಒಯ್ದಿದ್ದಾರೆ. ವಿಮಾನಕ್ಕೆ ಹತ್ತಿಸುವಾಗ ಸ್ವಲ್ಪ ಹೊತ್ತು ಎಚ್ಚರ ಸ್ಪಷ್ಟವಾಗಿತ್ತು. ಆಗ ಅವರು ಡಾಕ್ಟರ ಕೈ ಹಿಡಿದು, ಮಾತ್ರೆಯ ವಿಷಯ ನಾನೇ ಮುಚ್ಚಿಟ್ಟೆ, ಆಫೀಸಿನ ಹರ್ಬರ್ಟ್‌ಗೆ ಏನೂ ಗೊತ್ತಿರಲಿಲ್ಲ, ಅವನನ್ನು ಏನೂ ಕೇಳಬೇಡಿ ಎಂದು ಎರಡು ಸಲ ಹೇಳಿದ್ದಾರೆ. ನೀವು ಹೇಳಿದ್ದಕ್ಕೆ ಇದು ಹೊಂದುತ್ತದಾದ್ದರಿಂದ ನಮ್ಮ ಕಡೆಯಿಂದ ವಿಚಾರಣೆ ಇರುವುದಿಲ್ಲ. ಹರ್ಬರ್ಟ್ ಇದನ್ನು ಓದಿದ. ಮತ್ತೊಮ್ಮೆ ಓದಿದ. ಸಾಹೇಬರಿಗೆ ಅವನು ಹೀಗೆ ಹೇಳಿ ಎಂದಿರಲಿಲ್ಲ. ಅವನು ಅವರ ಮೇಲೆ ಏನು ಹೊರಿಸಿದ್ದನೆಂದು ಅವರಿಗೆ ಗೊತ್ತಿರಲೂ ಇಲ್ಲ. ಒಬ್ಬ ದುಬೈಯ ಮೆಟ್ಟಿಲ ಮೇಲೆ ನಿಂತು, ಇನ್ನೊಬ್ಬ ಸ್ಟ್ರೆಚರಿನ ಮೇಲೆ ಮಲಗಿ, ಒಂದೇ ಮಾತು ಹೇಳಿದ್ದರು. ಕಾಗದವೂ ಬಾಯಿಯೂ ಕೊನೆಗೂ ಒಂದಾಗಿತ್ತು. ನಿರಂಜನ ಪತ್ರವನ್ನು ಪ್ರಿಂಟ್ ತೆಗೆಸಿ ಫೈಲಿಗೆ ಹಾಕಿಸಿದ. ಒಳ್ಳೇ ಕೆಲಸ ಮಾಡಿದ್ರಿ ಹರ್ಬರ್ಟ್, ನಾವು ಸೇಫ್ ಎಂದು ಹೆಗಲು ತಟ್ಟಿದ. ಬಿಂದು ನೀರು ತಂದುಕೊಟ್ಟಳು. ಹರ್ಬರ್ಟ್ ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿ, ತಿನ್ನದ ಊಟವನ್ನು ವಾಂತಿ ಮಾಡುವವನಂತೆ ಸುಮ್ಮನೆ ಬಾಗಿದ. ಏನೂ ಬರಲಿಲ್ಲ.

ಎಂಟು ಗಂಟೆಗೆ ಎಲ್ಸಿ ಎಂದಿನಂತೆ ಕಟ್ಟಡದ ಕೆಳಗಿನ ಕೆಫೆಟೇರಿಯಾದಲ್ಲಿ ಕಾಯುತ್ತಿದ್ದಳು. ಎರಡು ಕಡಕ್ ಚಹಾ ಹೇಳಿ ಅವನದ್ದಕ್ಕೆ ತಟ್ಟೆ ಮುಚ್ಚಿಟ್ಟಿದ್ದಳು. ಹೊರಗೆ ಕತ್ತಲಾದರೂ ಹಗಲಿನ ಬಿಸಿ ಇನ್ನೂ ಗಾಜಿಗೆ ಒರಗಿಕೊಂಡಿತ್ತು. ಮುಖ ಯಾಕೆ ಹೀಗಾಗಿದೆ ಎಂದು ಕೇಳಿದಳು; ಸೆಕೆ ಎಂದ. ಅವಳು ಕೈಚೀಲದಿಂದ ಕಂದು ಬಣ್ಣದ ದೊಡ್ಡ ಕವರನ್ನು ಎಳೆದು, “ತಗೊಳ್ಳಿ, ಹನ್ನೆರಡೂ ಉಂಟು. ಡಾಕ್ಟರು ಸಹಿ ಹಾಕುವಾಗ ನಿಮ್ಮನ್ನು ಕೇಳಿದೆ ಅಂತ ಹೇಳಲಿಕ್ಕೆ ಹೇಳಿದ್ದಾರೆ,” ಎಂದಳು. ಅದೇ ಹೊತ್ತಿಗೆ ಅವನ ಫೋನು ಹೊಡೆದುಕೊಂಡಿತು. ಮರ್ವಾ, ಸಾಹೇಬರ ಮಗಳು, ಶಾರ್ಜಾದ ಶಾಲೆಯೊಂದರಲ್ಲಿ ಟೀಚರು. ಎತ್ತದಿರಲು ಧೈರ್ಯ ಸಾಲದೆ ಎತ್ತಿದ.

ಅವಳು ಅಳುತ್ತಿದ್ದಳು, ನಡುವೆ ನಗುತ್ತಲೂ ಇದ್ದಳು. ಸ್ಕ್ಯಾನ್ ಆಯಿತಂತೆ, ತಲೆಯೊಳಗೆ ರಕ್ತ ಕಟ್ಟಿತ್ತಂತೆ, ಆಪರೇಷನ್ ಮುಗಿದು ಅಬ್ಬಾ ಈಗ ಕಣ್ಣು ಬಿಟ್ಟಿದ್ದಾರಂತೆ. ಇನ್ನೊಂದೆರಡು ಗಂಟೆ ಕಳೆದಿದ್ದರೆ ಆಗುತ್ತಿರಲಿಲ್ಲ ಎಂದರಂತೆ. ಹರ್ಬರ್ಟ್ ಶಿಲುಬೆಯ ಗುರುತು ಹಾಕಿಕೊಂಡ. ಅವನ ಕಣ್ಣಲ್ಲಿ ನೀರು ಬಂತು. ಅದು ಸಂತೋಷದ್ದೇ ಆಗಿತ್ತು. ನಿಮಗೆ ತುಂಬಾ ಕಷ್ಟ ಕೊಟ್ಟರು ಅಂಕಲ್, ಅಬ್ಬಾನ ಪರವಾಗಿ ನಾನು ಕ್ಷಮೆ ಕೇಳುತ್ತೇನೆ ಎಂದಳು ಮರ್ವಾ. ನಿಮಗೂ ಸುಳ್ಳು ಹೇಳಿ ಫಾರ್ಮು ತುಂಬಿಸಿದರಲ್ಲ, ಅವರು ಹಾಗೆ ಮಾಡುವವರಲ್ಲ, ಈ ವಯಸ್ಸಿನಲ್ಲಿ ಯಾಕೆ ಹೀಗೆ ಬುದ್ಧಿ ಕೆಟ್ಟಿತೋ ಎಂದಳು. ಪರವಾಗಿಲ್ಲಮ್ಮ ಎಂದ ಹರ್ಬರ್ಟ್. ಹೇಳಿಬಿಟ್ಟ ಮೇಲೆ ಆ ಮಾತು ಬಾಯಲ್ಲಿ ಕಹಿಯಾಗಿ ಉಳಿಯಿತು. ತಪ್ಪು ಮಾಡಿದ ತಾನೇ ಅವರನ್ನು ಕ್ಷಮಿಸಿದಂತಾಗಿತ್ತು.

“ಒಂದು ಕೇಳಬೇಕಿತ್ತು ಅಂಕಲ್,” ಎಂದಳು ಮರ್ವಾ. “ಮನೆಯವರು ಹೇಳಿದ್ರಿಂದ ಗೊತ್ತಾಯ್ತು ಅಂತ ನೀವು ಡಾಕ್ಟರಿಗೆ ಹೇಳಿದ್ರಂತೆ. ಫರಾಝ್ ಭಾಯಿಗೆ ಲಂಡನ್ನಿಗೆ ಫೋನ್ ಮಾಡಿದೆ, ಅವನಲ್ಲ ಅಂದ. ನಾನೂ ಅಲ್ಲ. ಯಾರು ಹೇಳಿದ್ದು? ಅವರಿಂದಲೇ ಅಲ್ವಾ ಅಬ್ಬಾ ಉಳಿದದ್ದು. ಅವರಿಗೆ ನಾನು ಒಂದು ಮಾತು ಹೇಳಬೇಕು.”

ಅವಳ ದನಿಯಲ್ಲಿ ಸಂಶಯದ ಎಳೆಯೂ ಇರಲಿಲ್ಲ. ಅಂಗಡಿಯಲ್ಲಿ ಕೆಲಸ ಮಾಡುವ ಯಾರೋ, ಹಳೇ ಗೆಳೆಯರು ಯಾರೋ, ಹೆಸರು ನೆನಪಿಲ್ಲಮ್ಮ ಎಂದರೂ ನಂಬುತ್ತಿದ್ದಳು. ಆ ಮಾತೂ ಸಿದ್ಧವಾಗಿ ಬಂದು ನಿಂತಿತ್ತು. ಎದುರಿಗೆ ಎಲ್ಸಿ, ಮೇಜಿನ ಮೇಲಿಂದ ಕವರು ಚಾಚಿ, ಅವನು ಒಂದು ಕೈ ಬಿಡಿಸಿಕೊಳ್ಳಲಿ ಎಂದು ಕಾಯುತ್ತಿದ್ದಳು. ಕವರಿನ ಬಾಯಿಂದ ಫಾರ್ಮೊಂದರ ತುದಿ ಹೊರಗೆ ಬಂದಿತ್ತು. ನೀಲಿ ಮೊಹರು, ಕೆಳಗೆ ಮುದುಕ ಡಾಕ್ಟರ ನಡುಗುವ ಸಹಿ. ಹರ್ಬರ್ಟ್‌ಗೆ ಈಗ ಬೆಳಗ್ಗಿನಿಂದ ಪಟ್ಟ ಭಯವೆಲ್ಲ ಸಣ್ಣದಾಗಿ ಕಂಡಿತು. ದೊಡ್ಡದು ಇದು. ಇನ್ನು ಮುಂದೆ ಯಾರು ಏನೇ ಕೇಳಿದರೂ ತನ್ನ ಬಾಯಿ ಹೀಗೆ ಸಲೀಸಾಗಿ ತೆರೆದುಕೊಳ್ಳುತ್ತದೆ, ಅಂಥ ಬಾಯಿಯನ್ನು ಹೊತ್ತುಕೊಂಡು ತಾನು ದಿನವೂ ಈ ಹೆಂಗಸಿನ ಎದುರು ಕೂತು ಚಹಾ ಕುಡಿಯಬೇಕು. ಅವನು ಎಲ್ಸಿಯ ಮುಖ ನೋಡಲಾರದೆ ಅವಳ ಬೆರಳುಗಳನ್ನು ನೋಡಿದ. ಮೊಹರಿನ ಶಾಯಿ ಹೆಬ್ಬೆರಳಿಗೆ ಅಂಟಿತ್ತು.

“ನನಗೆ ಗೊತ್ತಿತ್ತಮ್ಮ,” ಎಂದ.

ಕೇಳಿಸಿತೋ ಇಲ್ಲವೋ ಎಂದು ಅವನು ಮತ್ತೆ, ಈ ಸಲ ಸ್ವಲ್ಪ ಗಟ್ಟಿಯಾಗಿ ಹೇಳಿದ: “ಫಾರ್ಮು ತುಂಬಿಸುವ ದಿನವೇ ಗೊತ್ತಿತ್ತು. ಸಾಹೇಬ್ರು ಮಾತ್ರೆ ಮೇಜಿನ ಮೇಲೆ ಇಟ್ಟು, ಬರೆಯುವಾ ಅಂದ್ರು. ಬೇಡ ಅಂದದ್ದು ನಾನು. ಅವರನ್ನು ಯಾವ ಡಾಕ್ಟರೂ ನೋಡ್ಲಿಲ್ಲ. ಎಲ್ಲದಕ್ಕೂ ಇಲ್ಲ ಅಂತ ಹಾಕಿದ್ದು ನಾನು.”

ಎಲ್ಸಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಅವಳು ಅವನತ್ತ ಚಾಚಿದ್ದ ಕವರನ್ನು ನಿಧಾನವಾಗಿ ಹಿಂದಕ್ಕೆ ಎಳೆದುಕೊಂಡು ಕೈಚೀಲಕ್ಕೆ ಹಾಕಿ ಜಿಪ್ ಎಳೆದಳು. ಆಮೇಲೆ ಚೀಲವನ್ನು ಮಡಿಲಲ್ಲಿಟ್ಟು ಎರಡೂ ಕೈಯಿಂದ ತಬ್ಬಿ ಕೂತಳು.